ಅಜ್ಜಿ ಮಿಂಚಿಗೆ ಅಡ್ಡ ಬಂದದ್ದು

ಮಳೆಯಲ್ಲಿ ನೆಂದ ಕಬ್ಬಿಣದ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಅಜ್ಜಿಯ ಕುಡುಗೋಲು ನೆನಪಾಗುತ್ತದೆ.

ಮಹಾರಾಜರ ಕಾಲದ ಮಾತು. ಗಾವಡಗೆರೆಯ ನಮ್ಮ ಮನೆಗೆ ಚಿಕ್ಕಪ್ಪ ಮೈಸೂರಿನಿಂದ ಹಳೆಯದೊಂದು ಕ್ಯಾಮೆರಾ ತಂದು, ಮಿಂಚಿನ ಪಟ ತೆಗೆದೇ ತೀರುತ್ತೇನೆಂದು ಹಟ ಹಿಡಿದಿದ್ದ. ಪಟ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಅಜ್ಜಿ ಅದರ ಎದುರು ಸುಳಿಯುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಮೋಡ ಕವಿದು ಊರೆಲ್ಲ ಕತ್ತಲಾಯಿತು. ಚಿಕ್ಕಪ್ಪ ಜಗಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಅದರ ಕಣ್ಣಿನ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ಕಾದ. ದೂರದಲ್ಲಿ ಗುಡುಗಿತು. ಸಿಡಿಲು ಮನೆ ಬಿಟ್ಟು ಕಬ್ಬಿಣಕ್ಕೆ ಬಡಿಯಲೆಂದು ಅಜ್ಜಿ "ಅರ್ಜುನಾ, ಫಲ್ಗುಣಾ" ಎಂದು ಕೂಗುತ್ತ ಕುಡುಗೋಲು ಎಸೆಯಲು ಅಂಗಳಕ್ಕೆ ಓಡಿದಳು. ಆಗಲೇ ಮಿಂಚಿತು.

"ಅಯ್ಯೋ, ಅಡ್ಡ ಬಂದ್ಯಲ್ಲವ್ವಾ!" ಎಂದು ಚಿಕ್ಕಪ್ಪ ತಲೆ ಚಚ್ಚಿಕೊಂಡ.

"ಮನೆ ಉಳ್ಸಿವ್ನಿ ಕಣ್ಲಾ, ಸುಮ್ಕಿರು!"

ತೊಳೆದು ತಂದ ಪಟದಲ್ಲಿ ಮಿಂಚಿನ ಗೆರೆಯೇ ಇರಲಿಲ್ಲ. ಅದರ ಬೆಳಕಿನಲ್ಲಿ ಕುಡುಗೋಲೆತ್ತಿ, ಬಾಯಿ ತೆರೆದು ನಿಂತ ಅಜ್ಜಿ ಇದ್ದಳು. "ನನ್ ಆಯಸ್ಸು ತಿಂದ್ಯಲ್ಲೋ" ಎಂದು ಮಗನನ್ನು ಬೈಯುತ್ತಲೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದಳು.

ಮುಂದಿನ ಸಲ ಮೋಡ ಕಟ್ಟಿದಾಗ ಅವಳು ಚಿಕ್ಕಪ್ಪನಿಗಿಂತ ಮೊದಲೇ ಅಂಗಳದಲ್ಲಿದ್ದಳು. ತಲೆ ಬಾಚಿ, ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದಳು. ಕೈಯಲ್ಲಿ ಅದೇ ಕುಡುಗೋಲು.

"ಈ ಸಲ ಬಾಯ್ ಮುಚ್ಕೊಂಡಿರ್ತೀನಿ. ಸರ್ಯಾಗಿ ತೆಗಿಲಾ."