ಆರಿಸದ ಒಲೆ

ಹಾಲು ಉಕ್ಕಿ ಹೋಗುವುದು, ಒಗೆದ ಬಟ್ಟೆ ಮೆಷಿನ್ನಿನಲ್ಲೇ ಮುಗ್ಗು ಹಿಡಿಯುವುದು ತನುಜಾಳಿಗೆ ಹೊಸದಲ್ಲ. ಒಂದು ಕೆಲಸದ ನಡುವೆ ಇನ್ನೊಂದು ಕಂಡರೆ ಅವಳ ಮನಸ್ಸು ಅತ್ತ ಓಡಿಬಿಡುತ್ತಿತ್ತು. ಡಾಕ್ಟರು ಅದನ್ನು ಎಡಿಎಚ್‌ಡಿ ಎಂದಿದ್ದರು. ಇವತ್ತು ಸಂಜೆ ಅವಳು ಆಫೀಸಿನಿಂದ ಬಂದು ಕೂರುವಷ್ಟರಲ್ಲೇ, ಈ ತಿಂಗಳಲ್ಲಿ ಮೂರನೇ ಸಲ, ಗಂಡ ಅದೇ ಮಾತು ಹೇಳಿದ.

“ಇವತ್ತೂ ಒಲೆ ಆರಿಸ್ದೇ ಆಫೀಸಿಗೆ ಹೋಗಿದ್ದೀಯ. ಮಧ್ಯಾಹ್ನ ನಾನು ಬಂದು ನೋಡಿದ್ರೆ ಮನೆ ತುಂಬ ಗ್ಯಾಸ್ ವಾಸನೆ.”

“ಆರಿಸಿದ ಹಾಗೇ ನೆನಪು ರೀ.”

“ನಿನ್ನ ನೆನಪನ್ನ ನಂಬ್ಕೊಂಡು ಮಗೂನ ನಿನ್ನ ಹತ್ರ ಬಿಡೋಕಾಗುತ್ತಾ? ನಾಳೆ ಅವಳನ್ನ ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ. ನೀನು ಇದಕ್ಕೊಂದು ಸೈನ್ ಹಾಕು.”

ಮಗಳನ್ನು ನೋಡಿಕೊಳ್ಳಲು ತನ್ನಿಂದ ಆಗುವುದಿಲ್ಲ ಎಂದು ಅವನು ಚಾಚಿದ ಕಾಗದದಲ್ಲಿ ಬರೆದಿತ್ತು. ಮಲಗಿದ್ದ ಮಗುವಿನತ್ತ ನೋಡಿದ ತನುಜಾ, ಇವರು ಹೇಳುವುದೇ ಸರಿಯಿರಬೇಕು ಎಂದುಕೊಂಡು ಪೆನ್ನು ತೆಗೆದುಕೊಂಡಳು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಪಕ್ಕದ ಮನೆಯಾಕೆ ಸಿಲಿಂಡರನ್ನು ಉರುಳಿಸಿಕೊಂಡು ಬಂದು ಹೊಸಿಲ ಬಳಿ ನಿಲ್ಲಿಸುತ್ತಿದ್ದರು.

“ಬೆಳಿಗ್ಗೆ ಆಫೀಸಿಗೆ ಹೊರಡೋ ಗಡಿಬಿಡೀಲೂ ಇದ್ದ ಒಂದೇ ಸಿಲಿಂಡರನ್ನ ಒಲೆಯಿಂದ ಬಿಚ್ಚಿ ಕೊಟ್ರಲ್ಲ, ದೊಡ್ಡ ಉಪಕಾರ ಆಯ್ತು ಕಣ್ರೀ. ನಮ್ದು ಈಗಷ್ಟೇ ಬಂತು. ಇಡೀ ದಿನ ನಿಮ್ಮನೇಲಿ ಗ್ಯಾಸೇ ಇರ್ಲಿಲ್ವಲ್ಲ, ಪಾಪ.”