ಶೆಡ್ಡಿನ ಕುದುರೆ

ಹಗ್ಗ ಕೈಯಿಂದ ಜಾರದಿರಲಿ ಎಂದು ಟೈಲರಮ್ಮ ಅದನ್ನು ಬಲಗೈಗೆ ಮೂರು ಸುತ್ತು ಸುತ್ತಿಕೊಂಡಳು. ಕುದುರೆ ಮನೆಗೆ ಬಂದು ಅಂದಿಗೆ ನಾಲ್ಕು ದಿನ. ಕೇಳಿದವಳು ಹನ್ನೊಂದು ವರ್ಷದ ಮಗಳು; ಕೊಡಿಸಿದ ಅಪ್ಪ ಅಮ್ಮ ಇಬ್ಬರೂ ಅಲ್ಲಿಯವರೆಗೆ ಕುದುರೆಯನ್ನು ಮುಟ್ಟಿಯೂ ನೋಡಿದವರಲ್ಲ. ವ್ಯಾನ್ ನಿಲ್ಲಿಸುವ ತಗಡಿನ ಶೆಡ್ಡನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದರು. ಇವತ್ತು ಮೊದಲ ಸವಾರಿ. ಮಗಳು ಹೊಸ ಬೂಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಅಂಗಳದಲ್ಲಿ ಜಾಗ ಸಾಲದೆಂದು ಗಂಡ, ಶಾಲೆಯ ಮಕ್ಕಳನ್ನು ಕರೆದೊಯ್ಯುವ ತನ್ನ ವ್ಯಾನನ್ನು ಹಿಂದಕ್ಕೆ ತೆಗೆಯಲು ಹೋದ.

ರಿವರ್ಸ್ ಗೇರು ಬೀಳುತ್ತಲೇ ವ್ಯಾನು ಕೀಂ ಕೀಂ ಎಂದು ಕೂಗಿಕೊಂಡಿತು. ಕುದುರೆ ನಿಂತಲ್ಲಿಂದಲೇ ಎಗರಿತು. “ರೀ, ನಿಲ್ಸಿ,” ಎಂದು ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಅವಳು ಹಗ್ಗವನ್ನು ಬಿಡಬೇಕೆಂದರೂ ಹಗ್ಗ ಅವಳನ್ನು ಬಿಡಲಿಲ್ಲ. ಗೇಟಿನ ತನಕ ಎಳೆದುಕೊಂಡು ಹೋಗಿ, ಅಲ್ಲಿ ಏಕಾಏಕಿ ಸಡಿಲವಾಯಿತು. ಕುದುರೆ ಬೀದಿ ದಾಟಿ ಹೋಗಿತ್ತು. ಅವಳು ಎದ್ದು ಕುಳಿತು, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ನೀನು ಒಳಗೆ ಹೋಗು ಪುಟ್ಟಿ,” ಎಂದಳು. ಮಗಳು ಹೋದ ಮೇಲಷ್ಟೇ ಸೆರಗು ಸರಿಸಿ ನೋಡಿಕೊಂಡಳು.

ಆಸ್ಪತ್ರೆಯಲ್ಲಿ ತೋರುಬೆರಳನ್ನು ಪೂರ್ತಿ ತೆಗೆದರು, ಹೆಬ್ಬೆರಳನ್ನು ಅರ್ಧ.

ಕುದುರೆಯನ್ನು ಹಿಡಿದು ತಂದವನು ಲಾಳ ಹೊಡೆಯುವ ಮುದುಕ. ಸಂಜೆ ಗಂಡ ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನು ಶೆಡ್ಡಿನ ಮುಂದೆಯೇ ಕುಳಿತಿದ್ದ.

“ಯಾರ ಹತ್ರ ತಗೊಂಡ್ರಿ ಇದನ್ನ?”

“ಊರಾಚೆ ಒಂದು ಲಾಯದಲ್ಲಿ. ತುಂಬಾ ಸಾಧು ಅಂದ್ರು. ನಾವು ನೋಡ್ದಾಗ ಅಲ್ಲಾಡ್ದೆ ನಿಂತಿತ್ತು.”

“ನೀವು ಹೋದಾಗ ಜೀನು ಹಾಕಿತ್ತಾ?”

“ಹಾಕಿ ರೆಡಿ ಇಟ್ಟಿದ್ರು.”

“ಮೈ ಒದ್ದೆ ಇತ್ತಾ?”

“ಇತ್ತು. ನಾವು ಬರ್ತೀವಿ ಅಂತ ಮೈ ತೊಳೆದಿದಾರೆ ಅಂದ್ಕೊಂಡ್ವಿ. ಎಂಥಾ ಒಳ್ಳೆ ಜನ ಅಂತ ಇವಳು ದಾರಿ ಉದ್ದಕ್ಕೂ ಹೇಳ್ತಾನೇ ಇದ್ಲು.”

ಮುದುಕ ನಗಲಿಲ್ಲ. “ಅದು ನೀರಲ್ಲ ಸ್ವಾಮಿ, ಬೆವರು. ನೀವು ಬರೋ ಮೊದ್ಲು ಓಡಿಸಿ ಓಡಿಸಿ ಸುಸ್ತು ಮಾಡಿಟ್ಟಿದ್ರು. ಇದು ರೇಸಿಗೆ ಅಂತ ತಯಾರಾದ ಪ್ರಾಣಿ. ನಾಲ್ಕು ವರ್ಷನೂ ತುಂಬಿಲ್ಲ. ಓಡೋದು ಬಿಟ್ರೆ ಬೇರೇನೂ ಇದಕ್ಕೆ ಯಾರೂ ಕಲಿಸಿಲ್ಲ.”

“ಎಳೇದು, ನಿಮ್ಮ ಹುಡುಗಿ ಜೊತೇಲೇ ಬೆಳೆಯುತ್ತೆ ಅಂದ್ರಲ್ಲ.”

“ಇಬ್ರಿಗೂ ಏನೂ ಗೊತ್ತಿಲ್ದಿದ್ರೆ ಯಾರು ಯಾರಿಗೆ ಹೇಳ್ಕೊಡ್ಬೇಕು?” ಮುದುಕ ಮಂಡಿಗೆ ಕೈಯೂರಿ ಎದ್ದ. “ಆಗಿದ್ದು ಆಗೋಯ್ತು. ಕೊಡೋದಾದ್ರೆ ತಿಳಿದೋರಿಗೆ ಕೊಡಿ. ಪಾಪ, ಅದು ಯಾರಿಗೂ ಕೆಟ್ಟದ್ದು ಬಯಸಿದ್ದಲ್ಲ.”

ಲಾಯದವರು ಫೋನ್ ಎತ್ತಲಿಲ್ಲ. ತಿಳಿದವರು ಮೂವರು ಬಂದರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಮುಂಗಾಲಿನ ಗಂಟನ್ನು ಒತ್ತಿದರು, ಮೊದಲೇ ಮಾತಾಡಿಕೊಂಡವರಂತೆ ಮೂವರೂ ಬೇರೆ ಬೇರೆ ದಿನ ಒಂದೇ ಮಾತು ಹೇಳಿ ಹೋದರು: ಯೋಚನೆ ಮಾಡಿ ಹೇಳ್ತೀವಿ. ಟೈಲರಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದ್ದ ಬಟ್ಟೆಗಳು ಮೇಜಿನ ಮೇಲೆ ಹಾಗೆಯೇ ಇದ್ದವು. ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದಳು. ಗೆರೆ ಒಂದು ಕಡೆ, ಕತ್ತರಿ ಒಂದು ಕಡೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಮರುಕದ ಎರಡು ಮಾತಾಡಿ, ಹೊಲಿಯದ ಬಟ್ಟೆಗಳನ್ನು ವಾಪಸ್ ಒಯ್ದರು. ಇಡೀ ದಿನ ಕುದುರೆ ಶೆಡ್ಡಿನ ತಗಡನ್ನು ಒದೆಯುತ್ತಿತ್ತು. ಒಳಗೆ ಹೋಗಿ ಲದ್ದಿ ಬಾಚುವ ಧೈರ್ಯ ಗಂಡನಿಗಿರಲಿಲ್ಲ. ಮೇವನ್ನು ಬಾಗಿಲ ಸಂದಿಯಿಂದ ಎಸೆಯುತ್ತಿದ್ದ, ಕೊನೆಕೊನೆಗೆ ಅದನ್ನೂ ಒಂದು ದಿನ ಬಿಟ್ಟು ಒಂದು ದಿನ. ಮಗಳು ಕುದುರೆಯ ಮಾತೆತ್ತುವುದನ್ನೇ ಬಿಟ್ಟಳು.

ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರು ಕುದುರೆ ನೋಡಲು ಬಂದರು. ಚಿಕ್ಕ ವಯಸ್ಸಿನವರು. ಮದುವೆ ಮನೆಗೆ ಹೊರಟವರಂತೆ ಉಡುಪು ಧರಿಸಿದ್ದರು. ಆಕೆಯ ಸೊಂಟದ ಮೇಲೆ ಮೂರು ವರ್ಷದ ಹೆಣ್ಣು ಮಗು. ಟೈಲರಮ್ಮನ ಗಂಡ ಶೆಡ್ಡಿನ ಬಾಗಿಲು ತೆಗೆದ. ಎರಡು ದಿನದಿಂದ ಹೊಟ್ಟೆಗೆ ಸರಿಯಾಗಿ ಬೀಳದ ಕುದುರೆ ತಲೆ ತಗ್ಗಿಸಿ ನಿಂತಿತ್ತು. ಮಗು ಕೈಚಾಚಿತು. ಕುದುರೆ ಅದರ ಕೈಯನ್ನು ಮೂಸಿ ನೋಡಿತು.

“ರೀ, ಎಷ್ಟು ಸಾಧು ನೋಡಿ,” ಎಂದಳು ಆಕೆ ತನ್ನ ಗಂಡನಿಗೆ. “ಹಲ್ಲು ಗಿಲ್ಲು ನೋಡ್ಬೇಕಂತೆ, ನೋಡ್ತೀರಾ?”

“ನೋಡಿದ್ರೆ ನಂಗೇನು ಗೊತ್ತಾಗುತ್ತೆ?” ಎಂದ ಅವನು. ಇಬ್ಬರೂ ನಕ್ಕರು. ಅವನು ವ್ಯಾನಿನವನ ಕಡೆ ತಿರುಗಿ, “ಅಣ್ಣಾ, ನೀವೇ ಹೇಳಿ. ನಮ್ಮನೇಲಿ ಇದೇ ಮೊದ್ಲ ಕುದುರೆ,” ಎಂದ.

ವ್ಯಾನಿನವನು ಬಾಗಿಲ ಚಿಲಕವನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತಾ, “ಪಾಪದ ಪ್ರಾಣಿ,” ಎಂದಷ್ಟೇ ಹೇಳಿದ.

ಆಗ ಆಕೆ ಟೈಲರಮ್ಮನನ್ನು ಕಂಡಳು. ಮನೆ ಬಾಗಿಲ ಬಳಿ ನಿಂತಿದ್ದವಳ ಬಲಗೈಗೆ ಇನ್ನೂ ಪಟ್ಟಿ ಇತ್ತು.

“ಅಯ್ಯೋ ಅಕ್ಕಾ, ಕೈಗೆ ಏನಾಯ್ತು?”

ವ್ಯಾನಿನವನು ನೆಲ ನೋಡಿದ. ಟೈಲರಮ್ಮ ಮೊದಲು ಆ ಮಗುವನ್ನು ನೋಡಿದಳು. ಆಮೇಲೆ ಒಳಗೆ ಮೇಜಿನ ಮೇಲೆ ಉಳಿದಿದ್ದ ಒಂದೇ ಒಂದು ಬಟ್ಟೆಯನ್ನು ನೋಡಿದಳು.

“ಮೆಷಿನ್ನಿಗೆ ಸಿಕ್ಕೊಳ್ತು,” ಎಂದಳು. “ತಪ್ಪು ನಂದೇ. ನೋಡ್ಕೊಂಡು ಹೊಲೀಬೇಕಿತ್ತು.”