ಬೇಲಿ ದಾಟಿದ ಚಿಗುರು

ನಮ್ಮೂರಿನ ಉದ್ಯಾನದಲ್ಲಿ ಎಲ್ಲರ ಹೆಸರಲ್ಲೂ ಒಂದೊಂದು ಗಿಡವಿದೆ. ಗಿಡವನ್ನು ಹೇಗೆ ಕತ್ತರಿಸಿದರೆ ಆ ಹೆಸರಿನವರೂ ಹಾಗೇ ಬದಲಾಗುತ್ತಾರೆ. ಅದಕ್ಕೇ ಯುಗಾದಿಯ ಮರುದಿನ ಮನೆಮಂದಿಯೆಲ್ಲ ಪುಳಿಯೋಗರೆ ಕಟ್ಟಿಕೊಂಡು, ಮಾಲಿಯಿಂದ ಮಕ್ಕಳ ಗಿಡ ಕತ್ತರಿಸಿಸಲು ಬರುತ್ತಾರೆ.

ಹೋದ ವರ್ಷ ದೊಡ್ಡಪ್ಪ ನನ್ನ ಗಿಡದ ಒಂದು ರೆಂಬೆ ತೆಗೆಸಿದರು. ಅವತ್ತಿನಿಂದ ನನಗೆ ಜೋರಾಗಿ ನಗಲು ಬರುವುದಿಲ್ಲ. ನಗು ಬಂದದ್ದನ್ನು ದಿನಚರಿಯಲ್ಲಿ ಬರೆದಿಡುತ್ತೇನೆ, ಅಷ್ಟೆ.

ಈ ಸಲ ಹೊಸ ಚಿಗುರೊಂದು ಬೇಲಿ ದಾಟಿ ರಸ್ತೆಯ ಕಡೆಗೆ ಚಾಚಿತ್ತು.

"ನೋಡಿದ್ಯಾ ಮಂಗಳಾ, ಡಿಗ್ರಿ ಮುಗಿದಿದ್ದೇ ತಡ, ನಿನ್ನ ಮಗಳು ಹೊರಟೇಬಿಟ್ಟಿದ್ದಾಳೆ" ಎಂದು ದೊಡ್ಡಪ್ಪ ಅಮ್ಮನಿಗೆ ಹೇಳಿ, ಮಾಲಿಯ ಕಡೆ ತಿರುಗಿದರು. "ಬುಡಕ್ಕೇ ಕತ್ತರಿಸಪ್ಪ. ಇವಳ ಅಮ್ಮನ ಗಿಡದ ಹಾಗೆ ದುಂಡಗೆ ಮಾಡು."

ಪಕ್ಕದಲ್ಲೇ ಇದ್ದ ಅಮ್ಮನ ಗಿಡ ಚೆಂಡಿನಷ್ಟು ದುಂಡಗಿತ್ತು. ಒಂದು ಎಲೆಯೂ ಆಚೀಚೆ ಇರಲಿಲ್ಲ.

ಮಾಲಿ, ಒಂದೊಂದು ಗಿಡಕ್ಕೂ ಒಂದೊಂದು ಪುಟವಿದ್ದ ದಪ್ಪ ಪುಸ್ತಕ ತೆರೆದ. "ಇವರಿಗೆ ಇಪ್ಪತ್ತೊಂದು ತುಂಬಿದೆ ಸ್ವಾಮಿ. ಇನ್ನು ಇವರದೇ ಸಹಿ ಬೇಕು."

"ಹಾಕ್ತಾಳೆ ಬಿಡು. ನಮ್ಮ ಶರಧಿ ಎದುರು ಮಾತಾಡೋಳಲ್ಲ" ಎಂದು ದೊಡ್ಡಪ್ಪ ತಮ್ಮ ಪೆನ್ನನ್ನೇ ಕೊಟ್ಟರು.

ನಿಜ, ನಾನು ಮಾತಾಡಲಿಲ್ಲ. 'ಈ ಗಿಡ ಮುಟ್ಟಬೇಡಿ' ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಅಕ್ಷರಗಳು ನೆಟ್ಟಗೆ ಬಂದವು.

"ಏನೇ ಇದು!" ದೊಡ್ಡಪ್ಪ ಪುಸ್ತಕ ಕಿತ್ತುಕೊಳ್ಳಲು ಹೋದರು. ಅಷ್ಟರಲ್ಲಿ ಅಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನ್ನ ಪುಟ ಯಾವುದಪ್ಪ?" ಎಂದು ಮಾಲಿಯನ್ನು ಕೇಳಿದಳು.

ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ಅಮ್ಮನಿಗೆ ಕೊಟ್ಟೆ.